ಗೋಕರ್ಣದ ಎದುರು ಒಂದು ಇಂಜಿನ್ ನಿಲ್ಲಿಸಿದ್ದು

"ಎರಡು ಇಂಜಿನ್ ಇದ್ದಲೆ, ಒಂದು ನಿಂತ್ರೆ ಎಂತಾ ಆಗ್ತು?" ಶಿರಸಿಯ ನಮ್ಮ ಮನೆಗೆ ಬರುವ ನೆಂಟರು ನನ್ನ ಕೆಲಸದ ಬಗ್ಗೆ ಕೇಳುವ ಮೊದಲ ಪ್ರಶ್ನೆ ಇದು. ಎರಡರಲ್ಲಿ ಒಂದು ಹೋದರೆ ಅರ್ಧ ಶಕ್ತಿ ಉಳಿಯುತ್ತದೆ, ಸ್ವಲ್ಪ ನಿಧಾನವಾಗಿ ಹೋದರಾಯಿತು ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ಆದರೆ ಲೆಕ್ಕ ಹಾಗಿಲ್ಲ.

ಆಗ ನಾನು ಹಾರಿಸುತ್ತಿದ್ದದ್ದು ಆರು ಸೀಟಿನ ವಿಮಾನ. ರೆಕ್ಕೆಗೊಂದರಂತೆ ಎರಡು ಪಿಸ್ಟನ್ ಇಂಜಿನ್, ಒಂದೊಂದಕ್ಕೂ 200 ಅಶ್ವಶಕ್ತಿ. ಎರಡೂ ಸರಿಯಾಗಿ ಓಡುತ್ತಿದ್ದರೆ ಸಮುದ್ರ ಮಟ್ಟದಲ್ಲಿ ಅದು ನಿಮಿಷಕ್ಕೆ ಸುಮಾರು 1,300 ಅಡಿ ಏರುತ್ತದೆ. ಒಂದನ್ನು ನಿಲ್ಲಿಸಿದರೆ 200 ಅಡಿಯ ಆಸುಪಾಸು. ಅರ್ಧ ಶಕ್ತಿ ಹೋದಾಗ ಏರುವ ತಾಕತ್ತಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಹೋಗುತ್ತದೆ. ಬೀಳದೆ ಒಂದೇ ಎತ್ತರದಲ್ಲಿ ಹಾರುವುದಕ್ಕೇ ಶಕ್ತಿಯ ದೊಡ್ಡ ಪಾಲು ಬೇಕು. ಏರುವುದು ಅದರ ಮೇಲೆ ಮಿಕ್ಕಿದ್ದರಿಂದ. ಒಂದು ಇಂಜಿನ್ ನಿಂತಾಗ ಆ ಮಿಕ್ಕಿದ್ದೇ ಹೋಗುತ್ತದೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನ ಇಟ್ಟಿದ್ದಾರೆ, ನೋಡಿರುತ್ತೀರಿ. ಅದಕ್ಕೆ ನಾಲ್ಕು ಇಂಜಿನ್. ಅದರಲ್ಲಿ ಒಂದು ನಿಂತರೆ ಹೋಗುವುದು ಕಾಲು ಭಾಗ ಮಾತ್ರ. ನಮ್ಮಂಥ ಚಿಕ್ಕ ವಿಮಾನಕ್ಕೆ ಆ ಅನುಕೂಲ ಇಲ್ಲ.

ಇನ್ನೊಂದು ತೊಂದರೆ ಇದೆ. ದೋಣಿಯ ಒಂದೇ ಬದಿಯಲ್ಲಿ ಹುಟ್ಟು ಹಾಕಿದರೆ ದೋಣಿ ತಿರುಗುತ್ತದಲ್ಲ, ಒಂದು ಇಂಜಿನ್ ನಿಂತ ವಿಮಾನವೂ ಹಾಗೇ ನಿಂತ ಇಂಜಿನ್ನಿನ ಕಡೆಗೆ ತಿರುಗುತ್ತದೆ. ಅದನ್ನು ತಡೆಯುವುದು ಬಾಲದ ರಡರ್. ರಡರ್ ಕೆಲಸ ಮಾಡುವುದು ಗಾಳಿಯ ವೇಗದಿಂದ. ವೇಗ ತೀರಾ ಕಡಿಮೆಯಾದರೆ ಕಾಲಿನಿಂದ ಪೆಡಲನ್ನು ಪೂರ್ತಿ ಒತ್ತಿದರೂ ರಡರ್ ಸಾಲುವುದಿಲ್ಲ. ಆಗ ಓಡುತ್ತಿರುವ ಇಂಜಿನ್ನೇ ವಿಮಾನವನ್ನು ಮಗುಚುತ್ತದೆ. ಆ ವೇಗಕ್ಕೆ ವೇಗಮಾಪಕದಲ್ಲಿ ಕೆಂಪು ಗೆರೆ ಹಾಕಿರುತ್ತಾರೆ. ನಮ್ಮ ವಿಮಾನದಲ್ಲಿ ಅದು 66 ನಾಟ್, ಗಂಟೆಗೆ ಸುಮಾರು 122 ಕಿಲೋಮೀಟರ್. ಒಂದೇ ಇಂಜಿನ್‌ನಲ್ಲಿ ಅತಿ ಚೆನ್ನಾಗಿ ಏರುವ ವೇಗಕ್ಕೆ ನೀಲಿ ಗೆರೆ, ಸುಮಾರು 90 ನಾಟ್. ಇಂಜಿನ್ ನಿಂತ ಮೇಲೆ ಬದುಕು ಪೂರ್ತಿ ನೀಲಿ ಗೆರೆಯ ಮೇಲೆಯೇ.

ಇಷ್ಟು ತಿಳಿದರೆ ಮುಂದಿನದು ಅರ್ಥವಾಗುತ್ತದೆ.

ಫೆಬ್ರವರಿಯ ಒಂದು ಮಧ್ಯಾಹ್ನ. ಕಡಲ್ಕೊರೆತದ ಅಧ್ಯಯನಕ್ಕೆ ಕರಾವಳಿಯ ಫೋಟೋ ತೆಗೆಯುವ ಕೆಲಸ. ಭಟ್ಕಳದಿಂದ ಮಾಜಾಳಿವರೆಗೆ ತೀರದ ಗುಂಟ 5,000 ಅಡಿಯಲ್ಲಿ ನೇರ ಗೆರೆ ಎಳೆದಂತೆ ಹಾರಬೇಕು. ಮಂಗಳೂರಿನಿಂದ ಹೊರಟಿದ್ದೆವು. ಎಡಗಡೆ ಸೀಟಿನಲ್ಲಿ ನಾನು. ಬಲಗಡೆ ನಮ್ಮ ಕ್ಯಾಪ್ಟನ್, ಮೂಲತಃ ಹೊನ್ನಾವರದವರು, ನನಗೆ ಎರಡು ಇಂಜಿನ್ನಿನ ವಿಮಾನ ಕಲಿಸಿದವರೂ ಅವರೇ. ಹಿಂದೆ ಕ್ಯಾಮೆರಾ ಹತ್ತಿರ ಅಂಕೋಲೆಯ ಹುಡುಗ. ಕಡಲ ಮೇಲಿನ ಕೆಲಸವಾದ್ದರಿಂದ ಮೂವರೂ ಲೈಫ್ ಜಾಕೆಟ್ ಹಾಕಿಕೊಂಡಿದ್ದೆವು. ಮುರ್ಡೇಶ್ವರದ ಗೋಪುರ ದಾಟಿತು. ಶರಾವತಿ ಅಳಿವೆಯ ಹತ್ತಿರ ಪಾವಿನಕುರ್ವೆಯ ಮರಳು ದಂಡೆ ಎಷ್ಟು ತೆಳ್ಳಗಾಗಿದೆ ಎಂದು ಹುಡುಗ ಹಿಂದಿನಿಂದ ಹೇಳುತ್ತಿದ್ದ.

ಕುಮಟಾ ದಾಟಿದ ಮೇಲೆ ಎಡ ಇಂಜಿನ್ನಿನ ಆಯಿಲ್ ಪ್ರೆಷರ್ ಮುಳ್ಳು ಹಸಿರು ಪಟ್ಟಿಯ ಕೆಳಗಿನ ತುದಿಗೆ ಬಂದಿತ್ತು. ಬಲಗಡೆಯದು ನಡುವಿನಲ್ಲಿ ನಿಂತಿತ್ತು. ಸದ್ದಿನಲ್ಲಿ ವ್ಯತ್ಯಾಸವಿಲ್ಲ, ನಡುಕವಿಲ್ಲ, ಶಕ್ತಿಯೂ ಕಡಿಮೆಯಾಗಿಲ್ಲ.

"ಸರ್, ಎಡಗಡೆ ಪ್ರೆಷರ್ ನೋಡಿ."

ಅವರು ನೋಡಿದರು. ಕೈ ಎಲ್ಲಿಗೂ ಹೋಗಲಿಲ್ಲ. "ಅಡ್ಡಿಲ್ಲ. ಟೆಂಪರೇಚರ್ ಏನು ಹೇಳ್ತದೆ?"

ಇದೇ ಮೊದಲ ಪಾಠ. ಪ್ರೆಷರ್ ಒಂದೇ ಬಿದ್ದು ಎಣ್ಣೆಯ ಬಿಸಿ ಮೊದಲಿನಷ್ಟೇ ಇದ್ದರೆ, ಕೆಟ್ಟಿರುವುದು ಮೀಟರೇ ಇರಬಹುದು. ಪ್ರೆಷರ್ ಇಳಿಯುತ್ತ ಬಿಸಿ ಏರುತ್ತ ಹೋದರೆ ಅದು ನಿಜ. ಎಣ್ಣೆ ಎಲ್ಲೋ ಹೋಗುತ್ತಿದೆ, ಉಳಿದ ಕಡಿಮೆ ಎಣ್ಣೆ ಜಾಸ್ತಿ ಕಾಯುತ್ತಿದೆ. ಈ ಇಂಜಿನ್ನಿನಲ್ಲಿ ಇರುವುದೇ ಒಟ್ಟು ಏಳೂವರೆ ಲೀಟರ್ ಎಣ್ಣೆ. ನಾವಿಬ್ಬರೂ ಎರಡೂ ಮುಳ್ಳು ನೋಡುತ್ತ ಕುಳಿತೆವು. ಬಿಸಿಯ ಮುಳ್ಳು ಮೇಲೆ ಹೋಗುತ್ತಿತ್ತು. ನಿಧಾನ, ಆದರೆ ಖಂಡಿತ.

ಇಂಜಿನ್ ಪೂರ್ತಿ ನಿಂತುಹೋದರೆ ಏನು ಮಾಡಬೇಕು ಎಂದು ಎಲ್ಲ ಪೈಲಟ್‌ಗಳೂ ಕಲಿಯುತ್ತಾರೆ. ತರಬೇತಿಯಲ್ಲಿ ಅದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ. ಲಿವರ್‌ಗಳೆಲ್ಲ ಮುಂದೆ, ಚಕ್ರ ಮೇಲೆ, ಫ್ಲಾಪ್ ಮೇಲೆ, ಯಾವ ಕಾಲಿಗೆ ಕೆಲಸ ಇಲ್ಲವೋ ಆ ಕಡೆಯ ಇಂಜಿನ್ ಸತ್ತಿದೆ. "ಡೆಡ್ ಫುಟ್, ಡೆಡ್ ಇಂಜಿನ್" ಅಂತ ಬಾಯಿಪಾಠ ಮಾಡಿಸುತ್ತಾರೆ. ನಿಜವಾಗಿ ಕಷ್ಟ ಇರುವುದು ಅಲ್ಲಲ್ಲ. ಚೆನ್ನಾಗಿ ಓಡುತ್ತಿರುವ ಇಂಜಿನ್ನನ್ನು ನಮ್ಮ ಕೈಯಾರೆ ನಿಲ್ಲಿಸಬೇಕೇ ಎಂದು ತೀರ್ಮಾನಿಸುವುದು ಅದಕ್ಕಿಂತ ಬಹಳ ಕಷ್ಟ. ಪರೀಕ್ಷೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಇಂಜಿನ್ ನಿಂತಾಗ ತೀರ್ಮಾನ ಅದೇ ಮಾಡಿಬಿಟ್ಟಿರುತ್ತದೆ. ಹೀಗೆ ಅರ್ಧಂಬರ್ಧ ಕೆಟ್ಟಾಗ ಅದು ನಮ್ಮ ತಲೆಯ ಮೇಲೆ. "ಇನ್ನೂ ಓಡ್ತಾ ಇದೆಯಲ್ಲ, ಇರಲಿ" ಎಂದು ಮನಸ್ಸು ಹೇಳುತ್ತಲೇ ಇರುತ್ತದೆ.

ಓಡಲಿ ಬಿಡಿ ಅನ್ನಲು ಯಾಕಾಗುವುದಿಲ್ಲ ಎನ್ನುವುದಕ್ಕೆ ಕಾರಣ ಪ್ರೊಪೆಲ್ಲರ್‌ನಲ್ಲಿದೆ. ನಿಂತ ಇಂಜಿನ್ನಿನ ಪ್ರೊಪೆಲ್ಲರನ್ನು ಗಾಳಿ ತಿರುಗಿಸುತ್ತಲೇ ಇರುತ್ತದೆ. ಅದು ವಿಮಾನವನ್ನು ಬಹಳ ಜೋರಾಗಿ ಹಿಂದಕ್ಕೆ ಜಗ್ಗುತ್ತದೆ. ಹಾಗಾಗಿ ಅದರ ಅಲಗುಗಳ ಅಂಚು ಗಾಳಿಗೆ ಎದುರಾಗುವಂತೆ ತಿರುಗಿಸಿ ನಿಲ್ಲಿಸುತ್ತೇವೆ. ಇದಕ್ಕೆ ಫೆದರ್ ಮಾಡುವುದು ಅನ್ನುತ್ತೇವೆ. ಅಲಗಿನ ಕೋನವನ್ನು ಹಿಡಿದಿಡುವುದು ಇಂಜಿನ್ನಿನ ಎಣ್ಣೆಯ ಒತ್ತಡವೇ. ಒತ್ತಡ ಬಿಟ್ಟರೆ ಅಲಗು ಫೆದರ್ ಕಡೆಗೆ ಸರಿಯುತ್ತದೆ. ಆದರೆ ಪ್ರೊಪೆಲ್ಲರ್ ಒಳಗೆ ಒಂದು ಪಿನ್ ಇದೆ. ನಿಮಿಷಕ್ಕೆ 800 ಸುತ್ತಿಗಿಂತ ವೇಗ ಕಡಿಮೆಯಾದರೆ ಆ ಪಿನ್ ಒಳಗೆ ಬಂದು ಕಚ್ಚಿಕೊಳ್ಳುತ್ತದೆ. ನೆಲದ ಮೇಲೆ ಪ್ರತಿ ಸಲ ಇಂಜಿನ್ ಆಫ್ ಮಾಡಿದಾಗ ಪ್ರೊಪೆಲ್ಲರ್ ಫೆದರ್ ಆಗಬಾರದು ಎಂದು ಮಾಡಿದ ಒಳ್ಳೆಯ ಏರ್ಪಾಡು. ಆಕಾಶದಲ್ಲಿ ಮಾತ್ರ ಅದೇ ಮುಳುವಾಗಬಹುದು. ಎಣ್ಣೆ ಇಲ್ಲದೆ ಇಂಜಿನ್ ಒಳಗೇ ಕಚ್ಚಿಕೊಂಡು ತಟ್ಟನೆ ನಿಂತರೆ ಫೆದರ್ ಮಾಡಲು ಆಗುವುದೇ ಇಲ್ಲ. ಅಲಗುಗಳು ಅಗಲಕ್ಕೆ ನಿಂತು ಗಾಳಿಯನ್ನು ತಡೆಯುತ್ತಲೇ ಇರುತ್ತವೆ. ಸರಿಯಾಗಿ ತಿರುಗುತ್ತಿರುವಾಗಲೇ ನಿಲ್ಲಿಸಬೇಕು ಎನ್ನುವುದು ಇದಕ್ಕೇ. ಜೊತೆಗೆ ನಮ್ಮದು ಟರ್ಬೋ, ಅಂದರೆ ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯಂತ್ರ ಇರುವ ಇಂಜಿನ್. ಕಾದ ಟರ್ಬೋ ಮೇಲೆ ಎಣ್ಣೆ ಬಿದ್ದರೆ ಬೆಂಕಿಯ ಭಯ ಬೇರೆ.

ಕ್ಯಾಪ್ಟನ್ ಮಾಡಿದ ಒಂದು ಕೆಲಸ ನನಗೆ ಇಂದಿಗೂ ದೊಡ್ಡದು. ಮುಳ್ಳು ಎಲ್ಲಿಗೆ ಬಂದರೆ ನಿಲ್ಲಿಸುವುದು ಎನ್ನುವುದನ್ನು ಅವರು ಮೊದಲೇ ಹೇಳಿಬಿಟ್ಟರು. "ಹಳದಿಯ ಅರ್ಧಕ್ಕೆ ಬಂದ್ರೆ ನಿಲ್ಲಿಸೋದು. ಅಲ್ಲಿಗೆ ಬಂದ ಮೇಲೆ ಚರ್ಚೆ ಇಲ್ಲ. ಸರಿಯಾ?" ನಾನು ಸರಿ ಅಂದೆ. ಆಮೇಲೆ ಮನಸ್ಸು ಹಗುರಾಯಿತು. ಮುಳ್ಳು ಕೆಳಗೆ ಹೋದಂತೆಲ್ಲ ಹೊಸದಾಗಿ ಯೋಚಿಸುವ ಕೆಲಸ ತಪ್ಪಿತು. ಎಡ ಇಂಜಿನ್ನಿನ ಶಕ್ತಿ ಸ್ವಲ್ಪ ಇಳಿಸಿದೆ, ಫೋಟೋ ಗೆರೆ ಬಿಟ್ಟು ತೀರಕ್ಕೆ ಇನ್ನಷ್ಟು ಹತ್ತಿರ ಸರಿದೆ.

ಅಷ್ಟರಲ್ಲಿ ಹಿಂದಿನಿಂದ ಹುಡುಗ ಹೇಳಿದ, "ಅಕ್ಕಾ, ಎಡಗಡೆ ಇಂಜಿನ್ ಮೇಲೆ ಏನೋ ಕಪ್ಪಗೆ ಹರೀತಾ ಇದೆ. ಈಗಷ್ಟೇ ಶುರುವಾಯ್ತು." ಕವಚದ ಸಂದಿಯಿಂದ ರೆಕ್ಕೆಯ ಹಿಂದಿನವರೆಗೆ ಎಣ್ಣೆಯ ಪಟ್ಟೆ. ಇನ್ನು ಮೀಟರ್ ಮೇಲೆ ಅನುಮಾನ ಉಳಿಯಲಿಲ್ಲ. ಗೋಕರ್ಣದ ಓಂ ಬೀಚ್ ಬಲಕ್ಕೆ ಕಾಣುತ್ತಿತ್ತು. ಮುಳ್ಳು ಹಳದಿಯ ಅರ್ಧಕ್ಕೆ ಬಂದಿತ್ತು.

ಮುಂದಿನದನ್ನು ನಿಧಾನವಾಗಿ ಮಾಡಿದೆವು. ಬೇಕೆಂದೇ ನಿಧಾನ. ತಪ್ಪು ಇಂಜಿನ್ ನಿಲ್ಲಿಸಿ ಸತ್ತವರ ಕಥೆ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. 2015ರ ಫೆಬ್ರವರಿಯಲ್ಲಿ ತೈಪೆಯಲ್ಲಿ ಒಂದು ಎಟಿಆರ್ ವಿಮಾನ ಏರುತ್ತಿರುವಾಗ ಬಲ ಇಂಜಿನ್ ಶಕ್ತಿ ಕಳೆದುಕೊಂಡಿತು. ಪೈಲಟ್ ಎಡಗಡೆಯದನ್ನು, ಅಂದರೆ ಚೆನ್ನಾಗಿದ್ದದ್ದನ್ನು ನಿಲ್ಲಿಸಿದರು. ವಿಮಾನ ನದಿಗೆ ಬಿತ್ತು. 58 ಜನರಲ್ಲಿ 43 ಮಂದಿ ಹೋದರು. 1989ರಲ್ಲಿ ಇಂಗ್ಲೆಂಡಿನ ಕೆಗ್‌ವರ್ತ್ ಹತ್ತಿರ ಬಿದ್ದ ವಿಮಾನದಲ್ಲೂ ಇದೇ ಆಗಿತ್ತು, ಅಲ್ಲಿ 47 ಜನ. ಅವರೆಲ್ಲ ಅನುಭವಸ್ಥರು. ಗಾಬರಿಯಲ್ಲಿ ಕೈ ತಲೆಗಿಂತ ಮುಂದೆ ಹೋಗುತ್ತದೆ, ಯಾರಿಗಾದರೂ.

ಕ್ಯಾಪ್ಟನ್ ಎಡ ಥ್ರಾಟಲ್, ಅಂದರೆ ಶಕ್ತಿ ಹೆಚ್ಚು ಕಡಿಮೆ ಮಾಡುವ ಲಿವರ್ ಮೇಲೆ ಬೆರಳಿಟ್ಟು ಕೇಳಿದರು, "ಎಡ ಥ್ರಾಟಲ್?"

ನಾನು ನೋಡಿ ಹೇಳಿದೆ, "ಎಡ. ಹೌದು."

ನಿಧಾನ ಹಿಂದಕ್ಕೆ ಎಳೆದರು. ಮೂಗು ಎಡಕ್ಕೆ ತಿರುಗಿತು. ಬಲಗಾಲು ಒತ್ತಿ ತಡೆದೆ. ಎಡಗಾಲಿಗೆ ಕೆಲಸವಿಲ್ಲ. ಸರಿಯಾದ ಇಂಜಿನ್ನೇ. ಬಲ ಇಂಜಿನ್ನಿಗೆ ಶಕ್ತಿ ಕೊಟ್ಟೆ. ಆಮೇಲೆ "ಎಡ ಪ್ರೊಪೆಲ್ಲರ್?" "ಎಡ. ಹೌದು." ಲಿವರನ್ನು ತಡೆ ದಾಟಿಸಿ ಪೂರ್ತಿ ಹಿಂದಕ್ಕೆ ಎಳೆದರು. ಕಿಟಕಿಯಿಂದ ನೋಡಿದೆ. ಮಸುಕಾಗಿ ಸುತ್ತುತ್ತಿದ್ದ ಚಕ್ರ ನಿಧಾನವಾಯಿತು, ಅಲಗುಗಳು ಬೇರೆ ಬೇರೆಯಾಗಿ ಕಂಡವು, ನಿಂತವು. ಕಾಲಿನ ಮೇಲಿನ ಭಾರ ತಟ್ಟನೆ ಕಡಿಮೆಯಾಯಿತು. ಆ ಪ್ರೊಪೆಲ್ಲರ್ ಎಷ್ಟು ಜಗ್ಗುತ್ತಿತ್ತು ಎಂದು ಕಾಲಿಗೆ ಗೊತ್ತಾಗಿದ್ದು ಆಗಲೇ. ಮಿಕ್ಸ್ಚರ್ ಕಟ್, ಅಂದರೆ ಸಿಲಿಂಡರಿಗೆ ಹೋಗುವ ಇಂಧನ ನಿಲ್ಲಿಸಿದ್ದು. ಆಮೇಲೆ ಚೆಕ್‌ಲಿಸ್ಟ್ ತೆಗೆದು ಉಳಿದದ್ದು: ಇಂಧನ ಬಂದ್, ಕಿಡಿ ಕೊಡುವ ಮ್ಯಾಗ್ನೆಟೋ ಆಫ್, ಆಲ್ಟರ್ನೇಟರ್ ಆಫ್, ಆ ಕಡೆಯ ಕೌಲ್ ಫ್ಲಾಪ್, ಅಂದರೆ ಇಂಜಿನ್ ತಂಪಾಗಿಸುವ ಗಾಳಿಯ ಬಾಗಿಲು ಮುಚ್ಚಿ. ಪ್ರತಿ ಸಲವೂ ಅದೇ ಪ್ರಶ್ನೆ, ಅದೇ ಉತ್ತರ.

ಓಡುವ ಇಂಜಿನ್ ಕಡೆಗೆ ಎರಡು ಮೂರು ಡಿಗ್ರಿ ವಾಲಿಸಿ, ಕಾಲಿನ ಭಾರ ಕಡಿಮೆ ಮಾಡುವ ರಡರ್ ಟ್ರಿಮ್ ತಿರುಗಿಸಿದೆ. ಆ ಸಣ್ಣ ವಾಲು ಇಲ್ಲದಿದ್ದರೆ ವಿಮಾನ ಓರೆಯಾಗಿ ಗಾಳಿಗೆ ಮೈ ಒಡ್ಡಿಕೊಂಡು ಹೋಗುತ್ತದೆ, ಇರುವ ಸ್ವಲ್ಪ ಶಕ್ತಿಯೂ ಅದಕ್ಕೇ ಖರ್ಚು. ವೇಗ 110ರ ಮೇಲೆ ನಿಂತಿತು. ಎತ್ತರ ಉಳಿಯಿತು.

ಎಲ್ಲಿಗೆ ಹೋಗುವುದು? ಗೋಕರ್ಣದಿಂದ ಮಂಗಳೂರು ಸುಮಾರು 100 ನಾಟಿಕಲ್ ಮೈಲಿ ಹಿಂದೆ. ಗೋವಾದ ದಾಬೋಲಿಂ 60ರ ಒಳಗೆ. ಹುಬ್ಬಳ್ಳಿಯೂ ಹೆಚ್ಚುಕಡಿಮೆ ಅಷ್ಟೇ, ಒಂದು ಹತ್ತು ಮೈಲಿ ಜಾಸ್ತಿ. ನಕ್ಷೆಯಲ್ಲಿ ನೋಡಿದರೆ ಹುಬ್ಬಳ್ಳಿ ಪರವಾಗಿಲ್ಲ ಅನಿಸುತ್ತದೆ. ಆದರೆ ನಡುವೆ ಘಟ್ಟ ಇದೆ, ಕಾಡು ಇದೆ. ಮಧ್ಯಾಹ್ನದ ಬಿಸಿಗೆ ಘಟ್ಟದ ಮೇಲೆ ಗಾಳಿ ಏಳುತ್ತದೆ, ಬೀಳುತ್ತದೆ. ಹುಬ್ಬಳ್ಳಿಯ ರನ್‌ವೇ ಇರುವುದೇ 2,100 ಅಡಿಗಿಂತ ಎತ್ತರದಲ್ಲಿ. ಒಂದೇ ಇಂಜಿನ್‌ನಲ್ಲಿ ಎತ್ತರದ ನೆಲದ ಕಡೆಗೆ ಹೋಗಬಾರದು. ನನ್ನ ಊರು ಆ ಕಡೆಗೇ ಇದ್ದರೂ ಆ ಕಡೆ ತಿರುಗುವ ಯೋಚನೆ ಬರಲಿಲ್ಲ. ಕರಾವಳಿಯ ಗುಂಟ ಹೋದರೆ ಕೆಳಗೆ ಮರಳು ತೀರ ಇದೆ, ಕಡಲು ಶಾಂತವಾಗಿದೆ, ಮೀನುಗಾರರ ದೋಣಿಗಳಿವೆ. ಇನ್ನೊಂದು ಇಂಜಿನ್ನೂ ನಿಂತರೆ ಇಳಿಯಲು ಜಾಗ, ಎತ್ತಿಕೊಳ್ಳಲು ಜನ. ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಬರಬೇಕು ಎನ್ನುವವರ ಮಾತಿಗೆ ನಾನು ಯಾಕೆ ದನಿಗೂಡಿಸುತ್ತೇನೆ ಎಂದು ಇಲ್ಲಿ ಅರ್ಥವಾಗಬಹುದು. ಮಂಗಳೂರಿನಿಂದ ಗೋವಾದವರೆಗೆ ಈ ಇಡೀ ತೀರದಲ್ಲಿ ನಮ್ಮಂಥವರು ಇಳಿಯಲು ಒಂದು ರನ್‌ವೇ ಇಲ್ಲ.

ಕ್ಯಾಪ್ಟನ್ ರೇಡಿಯೋದಲ್ಲಿ "ಪ್ಯಾನ್ ಪ್ಯಾನ್" ಎಂದು ಮೂರು ಸಲ ಹೇಳಿ ವಿಷಯ ತಿಳಿಸಿದರು. ತಕ್ಷಣ ಜೀವಕ್ಕೆ ಅಪಾಯ ಇದ್ದರೆ ಮೇಡೇ. ಅಪಾಯ ಈ ಕ್ಷಣಕ್ಕಿಲ್ಲ, ಆದರೆ ದಾರಿ ಬಿಡಿ, ಸಹಾಯ ಬೇಕು ಎನ್ನುವಾಗ ಪ್ಯಾನ್. ಬಲ ಇಂಜಿನ್ನಿನ ಮುಳ್ಳು ಒಂದಿಷ್ಟು ಅಲುಗಿದ್ದರೂ ಮೇಡೇ ಹೇಳುವುದೆಂದು ಮಾತಾಡಿಕೊಂಡೆವು. ದಾಬೋಲಿಂ ನೌಕಾಪಡೆಯ ವಾಯುನೆಲೆ, ಅಲ್ಲಿ ಮಾತಾಡುವುದೂ ನೌಕಾಪಡೆಯವರೇ. ಎಷ್ಟು ಜನ ಇದ್ದೀರಿ, ಎಷ್ಟು ಹೊತ್ತಿನ ಇಂಧನ ಇದೆ ಎಂದು ಕೇಳಿದರು. ಆಮೇಲೆ ಬೇಡದ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮಾತು ಕಡಿಮೆ ಮಾಡುವುದು ಎಷ್ಟು ದೊಡ್ಡ ಸಹಾಯ ಎಂದು ಅಲ್ಲಿ ಕೂತವರಿಗೆ ಮಾತ್ರ ಗೊತ್ತು.

ಹಿಂದಿನ ಹುಡುಗನಿಗೂ ಹೇಳಬೇಕಲ್ಲ. ಏನಾಗಿದೆ, ಏನು ಮಾಡಿದ್ದೇವೆ, ಎಲ್ಲಿಗೆ ಹೋಗುತ್ತಿದ್ದೇವೆ ಎಂದು ನೇರವಾಗಿ ಹೇಳಿದೆ. "ನೀನು ಬಲಗಡೆ ಇಂಜಿನ್ ನೋಡ್ತಾ ಇರು. ಹೊಗೆ, ಎಣ್ಣೆ ಏನು ಕಂಡ್ರೂ ಹೇಳು." ಸುಮ್ನೆ ಕೂರುವುದಕ್ಕಿಂತ ಕೆಲಸ ಇದ್ದರೆ ಒಳ್ಳೆಯದು. ನಮಗೂ ಎರಡು ಕಣ್ಣು ಜಾಸ್ತಿ ಸಿಕ್ಕವು. ಪೂರ್ತಿ ದಾರಿ ಅವನು ಆ ಕಿಟಕಿ ಬಿಡಲಿಲ್ಲ.

ಆಮೇಲಿನ ಅರ್ಧ ಗಂಟೆ ಪೂರ್ತಿ ಬಲ ಇಂಜಿನ್ನಿನದು. ಅದಕ್ಕೆ ಬೇಕಾದಷ್ಟೇ ಶಕ್ತಿ, ಒಂದಿಂಚೂ ಹೆಚ್ಚಿಲ್ಲ. ಬೇಗ ಮುಟ್ಟುವ ಆಸೆಗೆ ಅದನ್ನು ಪೂರ್ತಿ ಒತ್ತಿದರೆ ಇರುವ ಒಂದನ್ನೂ ಸುಟ್ಟುಕೊಳ್ಳಬಹುದು. ಕೌಲ್ ಫ್ಲಾಪ್ ತೆರೆದು ಸಿಲಿಂಡರ್ ಬಿಸಿ ನೋಡುತ್ತ ಇದ್ದೆ. ಗಂಗಾವಳಿ ಅಳಿವೆ, ಅಂಕೋಲೆ, ಕಾರವಾರದ ಗುಡ್ಡಗಳು, ಕೂರ್ಮಗಡ, ಕಾಳಿ ನದಿ, ಆಚೆಗೆ ಸದಾಶಿವಗಡ. ದಿನಾ ಫೋಟೋ ತೆಗೆಯುವ ತೀರವನ್ನೇ ಈಗ ಇಳಿಯಬಹುದಾದ ಜಾಗ ಯಾವುದು ಎಂದು ನೋಡುತ್ತಿದ್ದೆ. ಮಾಜಾಳಿ ದಾಟಿ ಗೋವಾ ಗಡಿ ಬಂದರೂ ಎತ್ತರ ಬಿಟ್ಟುಕೊಡಲಿಲ್ಲ. ಒಮ್ಮೆ ಇಳಿದರೆ ಮತ್ತೆ ಏರುವುದು ಕಷ್ಟ. ರನ್‌ವೇ ಕಾಣುವವರೆಗೂ ಎತ್ತರವೇ ನಮ್ಮ ಉಳಿತಾಯ.

ಗಾಳಿ ಕಡಲ ಕಡೆಯಿಂದ ಇತ್ತು. ಹಾಗಾಗಿ ಪೂರ್ವದಿಂದ ಬಂದು ರನ್‌ವೇ 26ಕ್ಕೆ ಇಳಿಯುವುದು. ದಾಬೋಲಿಂ ರನ್‌ವೇ ಮೂರು ಕಿಲೋಮೀಟರಿಗಿಂತ ಉದ್ದ. ನಮ್ಮ ವಿಮಾನಕ್ಕೆ ಅದರ ಕಾಲು ಭಾಗವೂ ಬೇಡ. ಆದರೂ ಉದ್ದ ಇದ್ದಷ್ಟೂ ಒಳ್ಳೆಯದು, ಯಾಕೆಂದರೆ ಇಳಿಯುವುದು ತಪ್ಪಿದರೆ ಮತ್ತೆ ಏರಿ ಸುತ್ತು ಹೊಡೆಯುವಷ್ಟು ಶಕ್ತಿ ಇಲ್ಲ. 500 ಅಡಿಗಿಂತ ಕೆಳಗೆ ಬಂದ ಮೇಲೆ ಏನೇ ಆದರೂ ಇಳಿಯುವುದೇ ಎಂದು ಮೊದಲೇ ಮಾತಾಗಿತ್ತು. ಚಕ್ರವನ್ನೂ ತಡವಾಗಿ ಇಳಿಸಿದೆ. ಚಕ್ರ ಕೆಳಗಿದ್ದರೆ ಒಂದೇ ಇಂಜಿನ್‌ನಲ್ಲಿ ಎತ್ತರ ಉಳಿಸಿಕೊಳ್ಳುವುದೂ ಕಷ್ಟ. ರನ್‌ವೇ ಖಂಡಿತ ಸಿಗುತ್ತದೆ ಎಂದಾದ ಮೇಲೆ ಇಳಿಸಿ, ಮೂರು ಹಸಿರು ದೀಪ ನೋಡಿ ಜೋರಾಗಿ ಹೇಳಿದೆ.

ಕೊನೆಯಲ್ಲಿ ಒಂದು ಸೂಕ್ಷ್ಮ ಇದೆ. ದಾರಿಯುದ್ದಕ್ಕೂ ರಡರ್ ಟ್ರಿಮ್ ಒಂದು ಕಡೆಗೆ ತಿರುಗಿಸಿರುತ್ತೇವೆ. ನೆಲದ ಹತ್ತಿರ ಬಂದು ಶಕ್ತಿ ತೆಗೆದಾಗ ಎಳೆತ ಇರುವುದಿಲ್ಲ, ಟ್ರಿಮ್ ಮಾತ್ರ ಹಾಗೇ ಉಳಿದಿರುತ್ತದೆ. ಆಗ ವಿಮಾನ ಇನ್ನೊಂದು ಕಡೆಗೆ ತಿರುಗುತ್ತದೆ. ಅದಕ್ಕೆ ಮೊದಲೇ ಟ್ರಿಮ್ ನಡುವಿಗೆ ತಂದು, ಕಾಲಿನಲ್ಲೇ ಹಿಡಿದುಕೊಂಡೆ. ಇನ್ನೊಂದು, ಫೆದರ್ ಆದ ಪ್ರೊಪೆಲ್ಲರ್ ಗಾಳಿಯನ್ನು ತಡೆಯುವುದಿಲ್ಲ. ವಿಮಾನ ಯಾವತ್ತಿಗಿಂತ ಹೆಚ್ಚು ಹೊತ್ತು ತೇಲುತ್ತದೆ. ತೇಲಲಿ ಎಂದು ಬಿಟ್ಟೆ. ಚಕ್ರ ನೆಲ ಮುಟ್ಟಿತು. ಪಕ್ಕದಲ್ಲಿ ಅಗ್ನಿಶಾಮಕ ವಾಹನಗಳು ಜೊತೆಗೇ ಓಡುತ್ತಿದ್ದವು.

ಕ್ಯಾಪ್ಟನ್ ಹೇಳಿದ್ದು, "ಚಲೋ ಆಯ್ತು." ಇಷ್ಟೇ. ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಮಾರಿಕಾಂಬೆ ಕಾಪಾಡಿದಳು ಎಂದಳು. ನಾನೂ ಹೌದು ಅಂದೆ.

ಮರುದಿನ ಕವಚ ಬಿಚ್ಚಿದಾಗ ಕಾರಣ ಸಿಕ್ಕಿತು. ಟರ್ಬೋಗೆ ಎಣ್ಣೆ ಒಯ್ಯುವ ಪೈಪು, ಅದರ ಕೊನೆಯ ಜೋಡಣೆಯ ಹತ್ತಿರ ಸೀಳಿತ್ತು. ಕೂದಲೆಳೆಯಷ್ಟು ಸೀಳು. ಸುತ್ತಲಿನ ಶಾಖಕವಚ ಎಣ್ಣೆಯಲ್ಲಿ ನೆನೆದಿತ್ತು. ಇಂಜಿನ್ನಿನಲ್ಲಿ ಎರಡು ಲೀಟರಿಗಿಂತ ಕಡಿಮೆ ಎಣ್ಣೆ ಉಳಿದಿತ್ತು. ಒಳಗಿನ ಬೇರಿಂಗ್‌ಗಳಿಗೆ ಏನೂ ಆಗಿರಲಿಲ್ಲ. ಆಕಾಶದಲ್ಲಿ ಇಂಜಿನ್ ನಿಲ್ಲಿಸಿದರೆ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎಗೆ ವರದಿ ಕೊಡಲೇಬೇಕು, ಕೊಟ್ಟೆವು. ಬಲ ಇಂಜಿನ್ನಿನ ಅದೇ ಪೈಪನ್ನೂ ಬಿಚ್ಚಿಸಿ ನೋಡಬೇಕೆಂದು ಕ್ಯಾಪ್ಟನ್ ಪಟ್ಟು ಹಿಡಿದರು. ಎರಡೂ ಒಂದೇ ದಿನ ಹಾಕಿದ ಪೈಪುಗಳು. ಅದು ಇನ್ನೂ ಸೀಳಿರಲಿಲ್ಲ, ಆದರೆ ಅದೇ ಜಾಗದಲ್ಲಿ ರಬ್ಬರ್ ಗಟ್ಟಿಯಾಗಿ ಸಣ್ಣ ಗೆರೆಗಳು ಬಿದ್ದಿದ್ದವು. ಎರಡನ್ನೂ ಬದಲಿಸಿ, ನೆಲದ ಮೇಲೆ ಇಂಜಿನ್ ಓಡಿಸಿ ನೋಡಿ, ಕುಮಟಾದ ಆಚೆಯಿಂದ ಮಾಜಾಳಿವರೆಗೆ ಉಳಿದಿದ್ದ ಫೋಟೋಗಳನ್ನು ಅದೇ ವಿಮಾನದಲ್ಲಿ ತೆಗೆದು ಮುಗಿಸಿದೆವು.